ಮಕ್ಕಳಿಗೆ ರಾಜಕೀಯ ಬೇಡ ಎನ್ನುವ ಮೊದಲು...

'ನೀನು ಓದ್ಲಿಕ್ಕೆ ಹೋಗುವವ, ರಾಜಕೀಯ ನಿಂಗೆ ಯಾಕೆ ಮೋನೆ?' ಕಾಪು, ಕಾರ್ಕಳದಿಂದ ಉಡುಪಿ, ಮಣಿಪಾಲದ ಕಾಲೇಜಿಗೆ ಬಸ್ ಹತ್ತುವ ಮಕ್ಕಳಿಗೆ ನಮ್ಮ ಉಮ್ಮಂದಿರು ಹೇಳುವ ಮಾತಿದು. ಈ ಹೆದರಿಕೆ ಸುಳ್ಳಲ್ಲ. ಗಲಾಟೆಯಲ್ಲಿ ಹೆಸರು ಸೇರಿ ಕೇಸಾದರೆ ಪಾಸ್‌ಪೋರ್ಟಿಗೆ ತೊಂದರೆ, ಕೆಲಸಕ್ಕೂ ತೊಂದರೆ. ಗಲ್ಫನ್ನೇ ನಂಬಿದ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಆದರೆ ನಾವು ಬೇಡ ಎಂದರೂ ರಾಜಕೀಯ ನಮ್ಮ ಮಕ್ಕಳನ್ನು ಬಿಟ್ಟಿತೇ? 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಆರು ವಿದ್ಯಾರ್ಥಿನಿಯರು ಹಿಜಾಬ್ ಧರಿಸಿ ತರಗತಿಯಲ್ಲಿ ಕೂರಲು ಅವಕಾಶ ಕೇಳಿದರು. 2022ರ ಫೆಬ್ರವರಿ 5ರಂದು ಸರಕಾರದ ಆದೇಶ ಬಂತು. ಮೂರೇ ದಿನಗಳಲ್ಲಿ ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಹಿಜಾಬ್ ಮತ್ತು ಕೇಸರಿ ಶಾಲು ಎದುರುಬದುರಾದವು. ಎರಡೂ ಕಡೆ ಇದ್ದವರು ಒಂದೇ ಪ್ರಾಯದ ಮಕ್ಕಳು. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಈ ನಡುವೆ ಸಂಘಟನೆಗಳು ಬಂದವು, ಟಿವಿ ಕ್ಯಾಮರಾಗಳು ಬಂದವು. ಪರೀಕ್ಷೆ ತಪ್ಪಿದ್ದು ಮಾತ್ರ ಕೆಲವು ಹೆಣ್ಣುಮಕ್ಕಳಿಗೆ.

ಅದೇ ವರ್ಷ ಕೇಂದ್ರ ಸರಕಾರ 1ರಿಂದ 8ನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ನಿಲ್ಲಿಸಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ನಿಂತಿತು. ಇದೂ ರಾಜಕೀಯವೇ. ಇದರ ಬಗ್ಗೆ ನಮ್ಮ ಎಷ್ಟು ಮನೆಗಳಲ್ಲಿ ಚರ್ಚೆಯಾಯಿತು?

ಹಾಗಾಗಿ ರಾಜಕೀಯ ಬೇಕೋ ಬೇಡವೋ ಎಂಬುದಕ್ಕಿಂತ ಎಂಥ ರಾಜಕೀಯ ಎಂದು ಕೇಳುವುದೇ ಸರಿ ಎಂದು ನಮಗೆ ಅನಿಸುತ್ತದೆ. ಯಾರದ್ದೋ ಧ್ವಜ ಹಿಡಿದು ಓಡುವುದು, ಬಂದ ವಾಟ್ಸಾಪ್ ಸಂದೇಶವನ್ನು ಓದದೆ ಮುಂದೆ ಕಳಿಸುವುದು ರಾಜಕೀಯವಲ್ಲ. ಅದರಲ್ಲಿ ಲಾಭ ಮುಂದಾಳುಗಳಿಗೆ, ಕೇಸು ನಮ್ಮ ಮಕ್ಕಳಿಗೆ.

ಕಾಲೇಜು ಚುನಾವಣೆಗೂ ಒಂದು ಕಟ್ಟುಪಾಡು ಇದೆ. ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಲಿಂಗ್ಡೊ ಸಮಿತಿ 2006ರಲ್ಲೇ ಅದನ್ನು ಹೇಳಿದೆ: ಸ್ಪರ್ಧಿಗೆ 75 ಶೇಕಡಾ ಹಾಜರಾತಿ ಬೇಕು, ಖರ್ಚು 5,000 ರೂ. ಮೀರಬಾರದು, ಮುದ್ರಿತ ಪೋಸ್ಟರ್ ಇರಬಾರದು. ಅಂದರೆ ಓದು ಬಿಟ್ಟವನಿಗೆ ಅಲ್ಲಿ ಜಾಗವಿಲ್ಲ. ಪಕ್ಕದ ಕಾಸರಗೋಡಿನ ಕಾಲೇಜುಗಳಲ್ಲಿ ಮಕ್ಕಳು ಚುನಾವಣೆಯಲ್ಲಿ ಸೋತು ಗೆದ್ದು ಕಲಿಯುತ್ತಾರೆ. ನಮ್ಮ ಜಿಲ್ಲೆಯ ಹೆಚ್ಚಿನ ಮಕ್ಕಳಿಗೆ ಆ ಅಭ್ಯಾಸವೇ ಇಲ್ಲ. ಏಕಾಏಕಿ 18ಕ್ಕೆ ಮತದಾರರಾಗುತ್ತಾರೆ, 21ಕ್ಕೆ ಗ್ರಾಮ ಪಂಚಾಯತ್‌ಗೆ ಸ್ಪರ್ಧಿಸುವ ಅರ್ಹತೆಯೂ ಬರುತ್ತದೆ.

ಕಲಿಯಲು ಬೀದಿಗೇ ಇಳಿಯಬೇಕೆಂದಿಲ್ಲ. ಗ್ರಾಮಸಭೆಗೆ ಹೋಗಿ ಕೂರಲಿ. ಕಾಲೇಜು ಹೊತ್ತಿಗೆ ಬಸ್ ಯಾಕಿಲ್ಲ, ಹಾಸ್ಟೆಲ್ ಸೀಟು ಎಷ್ಟಿದೆ ಎಂದು 10 ರೂ. ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿ. ನೆರೆಮನೆಯ ಹಿಂದೂ, ಕ್ರೈಸ್ತ ಗೆಳೆಯರನ್ನೂ ಜೊತೆಗೆ ಕರೆಯಲಿ. ಬಸ್ಸಿಲ್ಲದ ಕಷ್ಟ ಅವರಿಗೂ ಇದೆ.

ಹಿರಿಯರಿಗೂ ಒಂದು ಕೆಲಸವಿದೆ. 17 ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಕೊಡಬಹುದು. ಜಮಾಅತ್‌ಗಳಲ್ಲಿ ಹೆಚ್ಚು ಅಂಕ ಪಡೆದವರಿಗೆ ಸನ್ಮಾನ ಮಾಡುವ ದಿನವೇ ಮಕ್ಕಳಿಂದ ನಮೂನೆ 6 ತುಂಬಿಸೋಣ. ಹುಡುಗಿಯರನ್ನು ಬಿಡುವುದು ಬೇಡ.