ನೃಪತುಂಗನ ಕಾಲದ ಒಂದು ಅಂಕಮಾಲೆ

ಮೂವತ್ತು ವರ್ಷ ತರಗತಿಗಳಲ್ಲಿ ಕವಿರಾಜಮಾರ್ಗವನ್ನು ಪಾಠ ಹೇಳಿದವನು ನಾನು. ಅಮೋಘವರ್ಷ ನೃಪತುಂಗನ ಹೆಸರು ಬಂದಾಗಲೆಲ್ಲ ಶ್ರೀವಿಜಯನ ಮಾತು ಬರುತ್ತಿತ್ತು, ಜಿನಸೇನಾಚಾರ್ಯರ ಮಾತು ಬರುತ್ತಿತ್ತು. ಅದೇ ಅರಸನನ್ನು ತನ್ನ ಗ್ರಂಥದ ಆದಿಯಲ್ಲಿ ಸ್ತುತಿಸಿರುವ ಗಣಿತಜ್ಞ ಮಹಾವೀರಾಚಾರ್ಯನ ಹೆಸರನ್ನು ಮಾತ್ರ ನಾನು ಒಂದು ದಿನವೂ ಎತ್ತಲಿಲ್ಲ. ಕನ್ನಡ ಎಂ.ಎ. ಮಾಡಿದವನಿಗೆ ಲೆಕ್ಕದ ಗೊಡವೆ ಏಕೆಂಬ ಉದಾಸೀನವೇ ಇದಕ್ಕೆ ಕಾರಣ. ನನ್ನ ವಿದ್ಯಾರ್ಥಿಗಳಿಗೆ ಆ ಆಸ್ಥಾನದ ಅರ್ಧವನ್ನಷ್ಟೇ ತೋರಿಸಿದೆನೆಂಬ ಅಳಲು ಈಗಲೂ ಉಂಟು.

ಅವನ 'ಗಣಿತಸಾರಸಂಗ್ರಹ' ಸಂಸ್ಕೃತ ಗ್ರಂಥ. ಕಾಲ ಸುಮಾರು ಕ್ರಿ.ಶ. 850. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಪ್ರಕಟಿಸಿದರು. ನಿವೃತ್ತನಾದ ಮೇಲೆ ಅದನ್ನು ತೆರೆದವನು ಗುಣಾಕಾರದ ಭಾಗದಲ್ಲಿಯೇ ತಡೆದು ನಿಂತೆ. 27994681ನ್ನು 441ರಿಂದ ಗುಣಿಸುವ ಲೆಕ್ಕ ಅದು. ಬರುವ ಲಬ್ಧ 12345654321. ಒಂದರಿಂದ ಆರಕ್ಕೆ ಏರಿ, ಬಂದ ದಾರಿಯಲ್ಲೇ ಒಂದಕ್ಕೆ ಇಳಿಯುತ್ತದೆ. ಇಂಥ ಸಂಖ್ಯೆಗಳನ್ನು ಆಚಾರ್ಯನು ಕೊರಳ ಹಾರವೆಂದು ಕರೆದಿದ್ದಾನೆ. 'ವಿಕಟಕವಿ' ಎಂಬ ಪದದಂತೆ ಯಾವ ತುದಿಯಿಂದ ಓದಿದರೂ ಒಂದೇ. ಚಿತ್ರಕವಿತ್ವದಲ್ಲಿ ಇದಕ್ಕೆ ಗತಪ್ರತ್ಯಾಗತ ಎನ್ನುತ್ತಾರೆ. ಆದರೆ ಕವಿ ಹೆಣಗಿ ಹೊಂದಿಸುವುದನ್ನು ಇಲ್ಲಿ ಅಂಕಿಗಳು ತಾವಾಗಿಯೇ ಹೊಂದಿಸಿಕೊಂಡಿವೆ. ಹೇಗೆ?

441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಹಾರವು ಆರು ಒಂದುಗಳ ವರ್ಗ. ಆಚಾರ್ಯನು ಇದನ್ನು ಬೇಕೆಂದೇ ಮರೆಮಾಡಿದ್ದಾನೆಂದು ನನ್ನ ಊಹೆ.

111111ನ್ನು 111111ರಿಂದ ಶಾಲೆಯ ರೀತಿಯಲ್ಲಿ ಗುಣಿಸಿ ನೋಡಿ. ಆರು ಸಾಲುಗಳು, ಸಾಲಿಗೆ ಆರು ಒಂದುಗಳು. ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಕೂಡಿಸುವಾಗ ಬಲತುದಿಯ ಕಂಬದಲ್ಲಿ ಒಂದು, ಮುಂದಿನದರಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಇಳಿತ. ವಿಲ್ಸನ್ ಗಾರ್ಡನ್ನಿನ ನಮ್ಮ ಮನೆಯ ಬಾಗಿಲಲ್ಲಿ ಸೊಸೆ ಇಡುವ ಚುಕ್ಕಿರಂಗೋಲಿಯೂ ಇದೇ: ನಡುಸಾಲಿಗೆ ಆರು ಚುಕ್ಕಿ, ಮೇಲೂ ಕೆಳಗೂ ಐದು, ನಾಲ್ಕು ಎಂದು ಒಂದರವರೆಗೆ. ಒಟ್ಟು ಮೂವತ್ತಾರು. ಹಾರದ ಅಂಕಿಗಳನ್ನು ಕೂಡಿದರೂ ಮೂವತ್ತಾರೇ.

111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಸಿಗುತ್ತವೆ. ಹಾರದಲ್ಲಿ ಅವು ಎರಡೆರಡು ಸಲ. ಆದ್ದರಿಂದ ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 243.

ಇದನ್ನೆಲ್ಲ ಕೇಳಿದ ಮೊಮ್ಮಗಳು, "ತಾತಾ, ಹೀಗೇ ಎಷ್ಟು ದೂರ ಹೋಗಬಹುದು?" ಎಂದಳು. ಇಬ್ಬರೂ ಕಾಗದ ಹಿಡಿದು ಕುಳಿತೆವು. ಒಂಬತ್ತು ಒಂದುಗಳವರೆಗೆ ಹಾರ ನಿಂತಿತು: 12345678987654321. ಹತ್ತನೆಯದಕ್ಕೆ ನಡುಗಂಬದಲ್ಲಿ ಹತ್ತು ಬಂತು. ದಶಕ ಎಡಕ್ಕೆ ದಾಟಿತು. ಅಲ್ಲಿದ್ದ ಒಂಬತ್ತೂ ಹತ್ತಾಯಿತು, ಅದರ ಪಕ್ಕದ ಎಂಟು ಒಂಬತ್ತಾಯಿತು. ಉಳಿದದ್ದು 1234567900987654321. ಹಾರ ಹರಿದು, ಎಡಭಾಗದ ಎಂಟು ಕಳಚಿ ಹೋಗಿತ್ತು. ಅವಳ ಮುಖ ಬಾಡಿತು.

ನಾನು ಗಣಿತಸಾರಸಂಗ್ರಹದ ಅದೇ ಭಾಗವನ್ನು ತೆರೆದು ಇನ್ನೊಂದು ಹಾರವನ್ನು ತೋರಿಸಿದೆ. ಎಂಟು ಇಲ್ಲದ ಅದೇ 12345679. ಒಂಬತ್ತರಿಂದ ಗುಣಿಸೆಂದೆ. ಗುಣಿಸಿದಳು, ಒಂಬತ್ತು ಒಂದುಗಳು ಸಾಲಾಗಿ ಬಂದು ನಿಂತವು.