ಇ-ಪುಸ್ತಕ: ಕೊಂಡದ್ದು ಉಳಿಯುವುದೇ?

ಮುದ್ರಿತ ಪುಸ್ತಕವನ್ನು ಕೊಂಡವನು ಅದರ ಒಡೆಯ, ಮೊಮ್ಮಕ್ಕಳಿಗೂ ಬಿಟ್ಟುಹೋಗಬಲ್ಲನು. ನಕಲು ತಡೆಯುವ ಬೀಗವುಳ್ಳ ಇ-ಪುಸ್ತಕವನ್ನು ಕೊಂಡವನಿಗಾದರೋ ದೊರೆಯುವುದು ಓದುವ ಅನುಮತಿ ಮಾತ್ರ. ಕೀಲಿಕೈ ಮಾರಿದವರಲ್ಲೇ ಉಳಿಯುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿ ಹಣ ಹಿಂದಿರುಗಿಸಿತು. ಆದರೆ ಕೊಂಡ ಪುಸ್ತಕಗಳೂ ಅವುಗಳಲ್ಲಿ ಓದುಗರು ಬರೆದಿಟ್ಟ ಟಿಪ್ಪಣಿಗಳೂ ಇಲ್ಲವಾದವು.

ಕಡತದ ರೂಪವೂ ಮುಖ್ಯ. ಇಪಬ್ ಬಹಿರಂಗ ಮಾನಕವಾದುದರಿಂದ, ಬೀಗವಿಲ್ಲದಿದ್ದರೆ ಅನೇಕ ತಂತ್ರಾಂಶಗಳು ಅದನ್ನು ತೆರೆಯಬಲ್ಲವು. ಕನ್ನಡಕ್ಕೆ ಇನ್ನೊಂದು ತೊಡಕುಂಟು: ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿ ಬೆರಳಚ್ಚಾದ ಬರಹವು, ಆ ಫಾಂಟಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ.

ಆದುದರಿಂದ ಬೀಗವಿಲ್ಲದ ಪ್ರತಿ ದೊರೆತಲ್ಲಿ ಅದನ್ನೇ ಕೊಳ್ಳುವುದು, ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವುದು, ಎರಡು ಕಡೆ ಪ್ರತಿಯಿಡುವುದು ಲೇಸು. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಮನೆಯ ಕಪಾಟೇ ಕನ್ನಡದ ಗ್ರಂಥಾಲಯ. ಅದರ ಕೀಲಿಕೈ ಮನೆಯಲ್ಲೇ ಇರಬೇಕು.