ಟ್ರೇಯಲ್ಲಿ ಬಿದ್ದ ಹಾಳೆ

ಕಳೆದ ರಜೆಯಲ್ಲಿ ಬೆಂಗಳೂರಿನ ಒಂದು ಆಫೀಸಿನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೆ. ಮೂವತ್ತು ಜನಕ್ಕೆ ಒಂದೇ ಪ್ರಿಂಟರ್, ಅದೂ ಕಾರಿಡಾರಿನಲ್ಲಿ. ಹೊರಬಂದ ಹಾಳೆ ಯಾರದೆಂದು ನೋಡಿ ಅವರವರ ಟೇಬಲ್‌ಗೆ ತಲುಪಿಸುವುದು ಅಟೆಂಡರ್ ಅಣ್ಣನ ಕೆಲಸ.

ಒಂದು ಮಧ್ಯಾಹ್ನ ಪೇಪರ್ ಜಾಮ್ ಆಯಿತು. ಬಿಇ ಓದುವವನೆಂಬ ಹುಮ್ಮಸ್ಸಿನಲ್ಲಿ ನಾನೇ ಹಿಂದಿನ ಬಾಗಿಲು ತೆಗೆದು ಸಿಕ್ಕಿಕೊಂಡಿದ್ದ ಹಾಳೆ ಎಳೆದೆ. ಕ್ಯೂನಲ್ಲಿ ಕಾಯುತ್ತಿದ್ದವೆಲ್ಲ ಒಂದರ ಹಿಂದೊಂದು ಬರತೊಡಗಿದವು. ಅದರಲ್ಲೊಂದು, ಮುಂದಿನ ತಿಂಗಳಿಂದ ಗುತ್ತಿಗೆ ಮುಂದುವರಿಸದವರ ಪಟ್ಟಿ. ಎಚ್‌ಆರ್ ಮೇಡಂ ಪ್ರಿಂಟ್ ಕೊಟ್ಟು, ಬರಲಿಲ್ಲವೆಂದು ಊಟಕ್ಕೆ ಹೋಗಿದ್ದರು. ಮೂರನೇ ಹೆಸರು ಅಣ್ಣನದೇ. ಅವರು ಓದಿದರು. ಹಾಳೆಯನ್ನು ಬೋರಲು ಹಿಡಿದುಕೊಂಡು ಹೋಗಿ ಮೇಡಂ ಟೇಬಲ್ ಮೇಲಿಟ್ಟು ಬಂದರು. ವಿಷಯ ಇವತ್ತಲ್ಲ ನಾಳೆ ತಿಳಿಯಲೇಬೇಕಿತ್ತು, ಆದರೆ ಹೀಗಲ್ಲ.

ಮರುದಿನ ಹುಡುಕಿದರೆ, ಇದನ್ನು ತಪ್ಪಿಸುವ ಸೌಲಭ್ಯ ಆ ಪ್ರಿಂಟರಿನಲ್ಲೇ ಇತ್ತು. ಯಾರೂ ಬಳಸಿರಲಿಲ್ಲ, ಅಷ್ಟೆ. ಪ್ರಿಂಟ್ ಕೊಡುವಾಗ ಪ್ರಾಪರ್ಟೀಸ್‌ಗೆ ಹೋಗಿ ‘ಸೆಕ್ಯೂರ್ ಪ್ರಿಂಟ್’ ಆರಿಸಿ ನಾಲ್ಕಂಕಿಯ ಪಿನ್ ಕೊಡಬೇಕು. ರಿಕೋದವರು ಇದನ್ನೇ ‘ಲಾಕ್ಡ್ ಪ್ರಿಂಟ್’ ಎನ್ನುತ್ತಾರೆ, ಎಚ್‌ಪಿಯಲ್ಲಿ ‘ಜಾಬ್ ಸ್ಟೋರೇಜ್’ ಕೆಳಗೆ ಸಿಗುತ್ತದೆ. ಫೈಲು ಪ್ರಿಂಟರಿನ ಮೆಮೊರಿಯಲ್ಲೇ ಕಾದಿರುತ್ತದೆ. ನಾವು ಅದರ ಮುಂದೆ ನಿಂತು ಪಿನ್ ಒತ್ತಿದ ಮೇಲೆಯೇ ಕಾಗದಕ್ಕೆ ಇಳಿಯುತ್ತದೆ. ದೊಡ್ಡ ಕಂಪನಿಗಳಲ್ಲಿ ಪಿನ್ ಬದಲು ಐಡಿ ಕಾರ್ಡ್ ತೋರಿಸುವ ವ್ಯವಸ್ಥೆಯೂ ಇದೆ.

ವಿಂಡೋಸ್ ಕ್ಯೂನಲ್ಲಿ ‘ಪಾಜ್’ ಒತ್ತಿದರೂ ಪ್ರಿಂಟ್ ನಿಲ್ಲುತ್ತದೆ ನಿಜ. ಆದರೆ ಮತ್ತೆ ಬಿಡಬೇಕಾದದ್ದು ನಮ್ಮ ಕಂಪ್ಯೂಟರಿನಿಂದಲೇ. ಎದ್ದು ನಡೆದು ಹೋಗುವಷ್ಟರಲ್ಲಿ ಹಾಳೆ ಟ್ರೇಯಲ್ಲಿ ಬಿದ್ದಿರುತ್ತದೆ. ಇನ್ನು ಜಾಮ್ ಆದಾಗ ಕ್ಯಾನ್ಸಲ್ ಮಾಡದೆ ಊಟಕ್ಕೆ ಹೋದರೆ ಏನಾಗುತ್ತದೆಂದು ಮೇಲೆಯೇ ಹೇಳಿದ್ದೇನೆ.

ನನ್ನ ಕೊನೆಯ ವಾರದಲ್ಲಿ ಅಣ್ಣ ಬಂದು, ‘ಒಂದು ಬಯೋಡೇಟಾ ಟೈಪ್ ಮಾಡ್ಕೊಡ್ತೀರಾ ಸಾರ್?’ ಎಂದರು. ಮಾಡಿದೆ. ಪ್ರಿಂಟ್ ಕೊಡುವ ಮುಂಚೆ, ‘ಯಾವುದಾದ್ರೂ ನಾಲ್ಕು ನಂಬರ್ ಹೇಳಿ ಅಣ್ಣ’ ಎಂದೆ. ಮಗಳು ಹುಟ್ಟಿದ ವರ್ಷ ಹೇಳಿದರು. ಹುಟ್ಟಿದ ವರ್ಷವನ್ನು ಪಿನ್ ಮಾಡಬಾರದು ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದಾರೆ. ಅವತ್ತು ನಾನು ಸುಮ್ಮನಿದ್ದೆ. ಅಣ್ಣ ತಾವೇ ಹೋಗಿ ಒಂದೊಂದೇ ಅಂಕಿ ಒತ್ತಿ, ಹಾಳೆ ಪೂರ್ತಿ ಹೊರಬರುವವರೆಗೂ ಅಲ್ಲೇ ನಿಂತಿದ್ದರು.